ಅವಳ ಮಾತು ಅವಳದಾಗಿಯೇ ಇರಲಿ

ಹೋದ ಶನಿವಾರ ನೀನು ಬಂದು, ಫೋನನ್ನು ಸ್ಟೂಲಿನ ಮೇಲಿಟ್ಟು, "ಅಕ್ಕ, ನಿಮ್ಮ ಕಾಲದ ಹೋರಾಟದ ನೆನಪು ಹೇಳಿ" ಅಂದೆ. ನಾನು ಒಂದೂವರೆ ಗಂಟೆ ಮಾತಾಡಿದೆ. ಮೆರವಣಿಗೆ, ಧರಣಿ, ಕಾನೂನು ತಿದ್ದುಪಡಿ ಎಲ್ಲ ಬಂತು. ನೀನು ಕಣ್ಣು ಮಿಟುಕಿಸದೆ ಕೇಳಿದೆ, ಹೋಗುವಾಗ ಕಾಲಿಗೆ ನಮಸ್ಕಾರವನ್ನೂ ಮಾಡಿದೆ. ಗೇಟಿನ ಸದ್ದಾದಮೇಲೆ ನನಗೆ ಸಮಾಧಾನವೇ ಇಲ್ಲ. ಅಷ್ಟು ಹೊತ್ತೂ ಮಾತಾಡಿದ್ದು ವೇದಿಕೆಯ ಮೇಲೆ ನಿಲ್ಲುವ ಹೆಂಗಸು. ನಲವತ್ತೈದು ವರ್ಷ ಹೇಳಿ ಹೇಳಿ ನುಣುಪಾಗಿಹೋದ ಮಾತುಗಳು ಅವು. ನಿನಗೆ ಹೇಳಬೇಕಾಗಿದ್ದು ಬೇರೆಯೇ ಇತ್ತು. ಬಾಯಲ್ಲಿ ಹೇಳಿದರೆ ಮತ್ತೆ ಭಾಷಣವಾದೀತೆಂದು ಬರೆಯುತ್ತಿದ್ದೇನೆ, ಮಗಳೇ.

ನಾನು 1976ರಲ್ಲಿ ಮದುವೆಯಾಗಿ ಹಾಸನದ ಕಡೆಯಿಂದ ಬೆಂಗಳೂರಿಗೆ ಬಂದವಳು. ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಟ್ರಂಕ್ ಆಪರೇಟರ್ ಕೆಲಸ. ಕಿವಿಗೆ ಹೆಡ್‌ಸೆಟ್ ಸಿಕ್ಕಿಸಿಕೊಂಡು ಕೂತರೆ ಎಲ್ಲೆಲ್ಲಿಯ ದನಿಗಳೋ. ಸಾವಿನ ಸುದ್ದಿ, ಹೆರಿಗೆಯ ಸುದ್ದಿ, ಮೂರು ನಿಮಿಷ ಮುಗಿಯಿತೆಂದು ಹೇಳಿದಾಗ ಅರ್ಧಕ್ಕೆ ನಿಂತ ಮಾತು. ಮನೆ ಒಂದು ವಠಾರದಲ್ಲಿ. ಎಂಟು ಸಂಸಾರ, ಒಂದು ನಲ್ಲಿ, ಎರಡು ಬಚ್ಚಲು. ಪಕ್ಕದ ಮನೆಯ ಸೊಸೆಗೆ ಇಪ್ಪತ್ತೋ ಇಪ್ಪತ್ತೊಂದೋ. ರಾತ್ರಿ ಗೋಡೆಯಾಚೆ ಹೊಡೆಯುವ ಸದ್ದು ಕೇಳುತ್ತಿತ್ತು. ನಾನು ಎದ್ದು ಹೋಗಿ ರೇಡಿಯೋ ಜೋರು ಮಾಡುತ್ತಿದ್ದೆ. ಗಂಡಹೆಂಡಿರ ಜಗಳ ಉಂಡು ಮಲಗುವ ತನಕ ಎಂದು ನಮ್ಮತ್ತೆ ಹೇಳುತ್ತಿದ್ದರು. ವಠಾರದಲ್ಲಿ ಎಲ್ಲರ ಬಾಯಲ್ಲೂ ಅದೇ ಗಾದೆ.

ಒಂದು ಬೆಳಿಗ್ಗೆ ನಲ್ಲಿಯ ಹತ್ತಿರ ಅವಳು ನನ್ನ ಕೊಡ ಎತ್ತಿಕೊಟ್ಟಳು. "ಅಕ್ಕ, ನಿಮ್ಮ ಆಫೀಸಿಂದ ತಿಪಟೂರಿಗೆ ಫೋನ್ ಮಾಡಬಹುದಾ? ನಮ್ಮಣ್ಣನ ಅಂಗಡಿ ಪಕ್ಕದಲ್ಲಿ ಫೋನಿದೆ" ಅಂದಳು. ನಾನು ನಂಬರು ಕೇಳಲಿಲ್ಲ. ಯಾಕಮ್ಮ ಎಂದೂ ಕೇಳಲಿಲ್ಲ. ಡ್ಯೂಟಿಗೆ ಹೊತ್ತಾಗಿತ್ತು. ತಿಂಗಳೊಳಗೆ ಅವಳು ಸುಟ್ಟುಹೋಗಿ ಸತ್ತಳು. ಸ್ಟೌವ್ ಸಿಡಿಯಿತು ಎಂದರು. ಪೊಲೀಸರು ಮನೆಮನೆಗೂ ಬಂದು ವಿಚಾರಿಸಿದರು. "ನಮಗೇನೂ ಕೇಳಿಸಲಿಲ್ಲ" ಎಂದು ಎಂಟು ಮನೆಯವರೂ ಹೇಳಿದೆವು. ಕೇಳಿಸಿಕೊಳ್ಳುವುದಕ್ಕೇ ಸಂಬಳ ಪಡೆಯುತ್ತಿದ್ದ ನಾನೂ ಹೇಳಿದೆ.

ಇದನ್ನು ನಾನು ಯಾವ ಸಭೆಯಲ್ಲೂ ಹೇಳಿದವಳಲ್ಲ. ಹೋರಾಟಕ್ಕೆ ಹೇಗೆ ಬಂದಿರಿ ಎಂದು ಕೇಳಿದವರಿಗೆಲ್ಲ ಮಥುರಾ ಪ್ರಕರಣದಿಂದ ಅನ್ನುತ್ತೇನೆ. ನಿನಗೂ ಮೊನ್ನೆ ಹಾಗೇ ಹೇಳಿದೆ. ಅದೂ ಸುಳ್ಳಲ್ಲ. ಆದರೆ ಆ ಪ್ರಕರಣದ ಬಗ್ಗೆ ಬರೆದ ಬಹಿರಂಗ ಪತ್ರ ನನ್ನ ಕೈಗೆ ಬಂದಾಗ ನಾನು ಓದಿದ್ದು ಪಕ್ಕದ ಮನೆಯ ಹುಡುಗಿಯನ್ನು ಮನಸ್ಸಿನಲ್ಲಿಟ್ಟುಕೊಂಡು.

ಆ ಪತ್ರದ ಕಥೆ ನೀನು ಕಾಲೇಜಿನಲ್ಲಿ ಓದಿರುತ್ತೀಯ. ಆದರೂ ಕೇಳು. 1972ರಲ್ಲಿ ಮಹಾರಾಷ್ಟ್ರದ ದೇಸಾಯಿಗಂಜ್ ಪೊಲೀಸ್ ಠಾಣೆಯೊಳಗೆ ಇಬ್ಬರು ಪೊಲೀಸರು ಮಥುರಾ ಎಂಬ ಆದಿವಾಸಿ ಕೂಲಿ ಹುಡುಗಿಯ ಮೇಲೆ ಎರಗಿದರು. ಮನೆಯವರು ಠಾಣೆಯ ಹೊರಗೇ ಕಾಯುತ್ತಿದ್ದರು. ಸೆಷನ್ಸ್ ನ್ಯಾಯಾಲಯ ಬಿಟ್ಟುಬಿಟ್ಟಿತು, ಹೈಕೋರ್ಟ್ ಶಿಕ್ಷೆ ಕೊಟ್ಟಿತು, 1978ರಲ್ಲಿ ಸುಪ್ರೀಂ ಕೋರ್ಟ್ ಮತ್ತೆ ಬಿಟ್ಟುಬಿಟ್ಟಿತು. ಅವಳ ಮೈಮೇಲೆ ಗಾಯವಿಲ್ಲ, ಅವಳು ಪ್ರತಿಭಟಿಸಿದ ಗುರುತಿಲ್ಲ, ಹಾಗಾಗಿ ಅವಳ ಮಾತನ್ನು ನಂಬಲಾಗದು ಎಂಬ ಧಾಟಿ. 1979ರಲ್ಲಿ ಉಪೇಂದ್ರ ಬಕ್ಷಿ, ವಸುಧಾ ಧಗಂವಾರ್, ರಘುನಾಥ ಕೇಳ್ಕರ್, ಲೋತಿಕಾ ಸರ್ಕಾರ್ ಈ ನಾಲ್ವರು ಮುಖ್ಯ ನ್ಯಾಯಮೂರ್ತಿಗಳಿಗೆ ಬಹಿರಂಗ ಪತ್ರ ಬರೆದರು. ಹೆದರಿ ಸುಮ್ಮನಾಗುವುದು ಬೇರೆ, ಒಪ್ಪುವುದು ಬೇರೆ ಎಂಬುದು ಅದರ ತಿರುಳು. ಮುಂಬೈಯಲ್ಲಿ ಅತ್ಯಾಚಾರದ ವಿರುದ್ಧದ ವೇದಿಕೆ ಹುಟ್ಟಿತು. 1980ರ ಮಾರ್ಚ್ 8ರಂದು ಊರೂರಿನಲ್ಲಿ ಹೆಂಗಸರು ಬೀದಿಗಿಳಿದರು. ಬೆಂಗಳೂರಿನಲ್ಲಿ ವಿಮೋಚನಾ ಎಂಬ ಮಹಿಳಾ ಸಂಘಟನೆ ಅದಕ್ಕೆ ಹಿಂದಿನ ವರ್ಷವಷ್ಟೇ ಶುರುವಾಗಿತ್ತು. ನಾವು ಹತ್ತು ಹನ್ನೆರಡು ಜನ ಸೇರಿ ಕಟ್ಟಿಕೊಂಡ ಸಂಘ ಒಂದು ಗ್ಯಾರೇಜಿನ ಮೇಲಿನ ಕೋಣೆಯಲ್ಲಿತ್ತು.

1983ರಲ್ಲಿ ಕಾನೂನು ಬದಲಾಯಿತು. ಪೊಲೀಸರ ವಶದಲ್ಲಿದ್ದಾಗ ಅತ್ಯಾಚಾರವಾದರೆ, ತಾನು ಒಪ್ಪಿರಲಿಲ್ಲವೆಂದು ಹೆಣ್ಣು ಹೇಳಿದ ಮಾತನ್ನೇ ನಿಜವೆಂದು ಹಿಡಿದು ನ್ಯಾಯಾಲಯ ಮುಂದುವರಿಯಬೇಕೆಂದಾಯಿತು. ಮುಚ್ಚಿದ ಕೋಣೆಯಲ್ಲಿ ವಿಚಾರಣೆ, ನೊಂದವಳ ಗುರುತು ಹೊರಗೆಡಹಿದರೆ ಶಿಕ್ಷೆ, ಇವೂ ಆಗಲೇ ಬಂದದ್ದು. ನೀವು ಇವತ್ತು ಆಡುವ ಎಷ್ಟೋ ವಾದಗಳ ಬೇರು ಅಲ್ಲಿದೆ.

ಮಥುರಾಳಿಗೆ ಏನು ಸಿಕ್ಕಿತು? ಮರುಪರಿಶೀಲನೆಯ ಅರ್ಜಿ ತಿರಸ್ಕಾರವಾಯಿತು. ಬಿಡುಗಡೆಯಾದವರು ಬಿಡುಗಡೆಯಾಗಿಯೇ ಉಳಿದರು. ಅವಳ ಹೆಸರನ್ನು ನಾನು ಕೆಂಪು ಬಣ್ಣದಲ್ಲಿ ರಟ್ಟಿನ ಮೇಲೆ ಬರೆದಿದ್ದೇನೆ. ಆ ರಟ್ಟು ಹಿಡಿದು ನಡೆದಿದ್ದೇನೆ. ಆ ಹುಡುಗಿ ಈಗೆಲ್ಲಿದ್ದಾಳೆ, ಅವಳ ಹೆಸರು ಹೀಗೆ ಬೀದಿಯಲ್ಲಿ ಕೂಗುತ್ತಿರುವುದು ಅವಳಿಗೆ ಗೊತ್ತೆ, ಅವಳಿಗೆ ಒಪ್ಪಿಗೆಯೆ ಎಂದು ನಮ್ಮ ಸಂಘದ ಆ ಕೋಣೆಯಲ್ಲಿ ಒಬ್ಬರೂ ಕೇಳಲಿಲ್ಲ. ಒಪ್ಪಿಗೆ ಎಂಬ ಪದಕ್ಕಾಗಿಯೇ ಬೀದಿಗಿಳಿದವರು ನಾವು. ಎಷ್ಟೋ ವರ್ಷದ ಮೇಲೆ ಇದು ಹೊಳೆದಾಗ ನನಗೆ ಆ ರಾತ್ರಿ ನಿದ್ದೆ ಬರಲಿಲ್ಲ.

ಸಂಘದ ಕೆಲಸಕ್ಕೆಂದು ನಾವು ಹೋಗುತ್ತಿದ್ದ ಸುಟ್ಟ ಗಾಯದ ವಾರ್ಡಿನ ಬಗ್ಗೆಯೂ ನಿನಗೆ ವಿವರವಾಗಿ ಹೇಳಬೇಕು. ನೀನು ನಾಳೆ ಲಾಯರ್ ಆಗುವವಳು.

ಎಂಬತ್ತರ ದಶಕದಲ್ಲಿ ವಾರಕ್ಕೆ ಎರಡು ದಿನ, ನೈಟ್ ಡ್ಯೂಟಿ ಮುಗಿಸಿ, ಒಂದು ಸರ್ಕಾರಿ ಆಸ್ಪತ್ರೆಯ ಆ ವಾರ್ಡಿಗೆ ಹೋಗುತ್ತಿದ್ದೆವು. ಮಂಚದ ಮೇಲೆ ಕಮಾನಿನಂಥ ಕಂಬಿ, ಅದರ ಮೇಲೆ ಬಟ್ಟೆ, ಮೈಗೆ ತಾಗದ ಹಾಗೆ. ಕೆಳಗೆ ಬಾಳೆಲೆ ಹಾಸಿರುತ್ತಿದ್ದರು, ಚರ್ಮ ಅಂಟದಿರಲೆಂದು. ಆ ವಾಸನೆ ಸೀರೆಯಲ್ಲಿ ಕೂತು ಮನೆಯವರೆಗೂ ಬರುತ್ತಿತ್ತು. ಮೊದಲ ದಿನ ನಾನು ಹೊರಗೆ ಓಡಿಬಂದೆ. ನಮ್ಮ ಜೊತೆಗಿದ್ದ ಹಿರಿಯರೊಬ್ಬರು, ನಿವೃತ್ತ ನರ್ಸ್, ಬೆನ್ನು ಸವರಿ, "ಅವಳು ಆ ಮೈಯಲ್ಲಿದ್ದಾಳೆ, ನೀನು ಆ ಕೋಣೆಯಲ್ಲಿ ಇರಲಾರೆಯಾ?" ಅಂದರು. ಒಳಗೆ ಹೋದೆ.

ಹೆಚ್ಚುಕಡಿಮೆ ಎಲ್ಲ ಹೆಣ್ಣುಮಕ್ಕಳೂ ಮೊದಲು ಹೇಳುತ್ತಿದ್ದುದು ಒಂದೇ: ಸ್ಟೌವ್ ಸಿಡಿಯಿತು. ತಲೆಯ ಹತ್ತಿರ ಅತ್ತೆ ಕೂತಿರುತ್ತಿದ್ದಳು. ಬಾಗಿಲಲ್ಲಿ ಗಂಡ ಮಗುವನ್ನು ಎತ್ತಿಕೊಂಡು ನಿಂತಿರುತ್ತಿದ್ದ. ಮಗು ಯಾರ ಕೈಯಲ್ಲಿದೆಯೋ ಅವರು ಹೇಳಿಕೊಟ್ಟ ಮಾತು ತಾಯಿಯ ಬಾಯಲ್ಲಿ. ಅತ್ತೆ ಊಟಕ್ಕೆಂದು ಹೊರಗೆ ಹೋದಮೇಲೆ, ನಾವು ಏನೂ ಕೇಳದೆ ಸುಮ್ಮನೆ ಕೂತು ಹತ್ತಿಯಲ್ಲಿ ತುಟಿ ಒದ್ದೆ ಮಾಡುತ್ತಿದ್ದರೆ, ಬೇರೆ ಮಾತು ಬರುತ್ತಿತ್ತು. ಕೆಲವರಿಗೆ ಅಷ್ಟು ಹೊತ್ತು ಉಳಿದಿರುತ್ತಿರಲಿಲ್ಲ.

ಸಾಯುವ ಮುನ್ನ ಕೊಟ್ಟ ಹೇಳಿಕೆಗೆ ನ್ಯಾಯಾಲಯದಲ್ಲಿ ಎಷ್ಟು ತೂಕವೆಂದು ನಿನಗೆ ಗೊತ್ತು. ತಹಸೀಲ್ದಾರರೋ ಮ್ಯಾಜಿಸ್ಟ್ರೇಟರೋ ಬಂದು ಬರೆದುಕೊಂಡರೆ, ಮಾತಾಡುವ ಸ್ಥಿತಿಯಲ್ಲಿದ್ದಾಳೆಂದು ಡಾಕ್ಟರು ಬರೆದುಕೊಟ್ಟರೆ ಗಟ್ಟಿ. ಆದರೆ ರಾತ್ರಿ ಎರಡು ಗಂಟೆಗೆ ಯಾರು ಬರುತ್ತಾರೆ? ಹತ್ತಿರ ಇದ್ದವರು ಯಾರಾದರೂ ಬರೆದುಕೊಳ್ಳಬಹುದು, ಅದಕ್ಕೆ ಕಾನೂನಿನ ಅಡ್ಡಿಯಿಲ್ಲ. ಒಂದು ರಾತ್ರಿ ನಾನು ಬರೆದುಕೊಂಡೆ.

ಅವಳು ಮಾಗಡಿ ಕಡೆಯ ಹುಡುಗಿ, ಮೂರನೇ ಕ್ಲಾಸಿನವರೆಗೆ ಓದಿದ್ದಳು. ಏದುಸಿರು ಬಿಡುತ್ತ ಹೇಳಿದಳು. ಹೇಳಿದ್ದು ಹೆಚ್ಚೆಂದರೆ ಹತ್ತು ಹನ್ನೆರಡು ತುಣುಕು ಮಾತು. ಎಮ್ಮೆ, ಅಪ್ಪಯ್ಯ ಕೊಡ್ತೀನಂದಿದ್ದು, ಸೀಮೆಎಣ್ಣೆ ಡಬ್ಬ, ಅವನು ಹಿಡಕಂಡ, ಅವಳು ಗೀರಿದಳು. ನಾನು ಆಗ ಕರಪತ್ರ ಬರೆಯುವುದರಲ್ಲಿ ಪಳಗಿದ್ದೆ. ಕಣ್ಣೀರು ಬರುತ್ತಿತ್ತು, ಕೈ ಓಡುತ್ತಿತ್ತು. "ಮದುವೆಯಾದ ದಿನದಿಂದಲೂ ವರದಕ್ಷಿಣೆಗಾಗಿ ನನಗೆ ಮಾನಸಿಕ ಹಾಗೂ ದೈಹಿಕ ದೌರ್ಜನ್ಯ ನೀಡುತ್ತಿದ್ದರು" ಎಂದು ಶುರುಮಾಡಿ ಒಂದೂವರೆ ಪುಟ ಬರೆದೆ. ಅವಳ ಹೆಬ್ಬೆರಳು ಸುಟ್ಟಿತ್ತು, ಕಾಲಿನ ಹೆಬ್ಬೆರಳ ಗುರುತು ಹಾಕಿಸಿದೆ. ಬೆಳಗಿನ ಜಾವ ಹೋದಳು.

ಮೂರು ವರ್ಷದ ಮೇಲೆ ಸಾಕ್ಷಿಕಟ್ಟೆಯಲ್ಲಿ ನಿಂತೆ. ಎದುರು ಪಕ್ಷದ ವಕೀಲರು ಕೂಗಾಡಲಿಲ್ಲ. ಶಾಂತವಾಗಿ, "ದೌರ್ಜನ್ಯ ಅನ್ನೋ ಪದ ಆಕೆ ಹೇಳಿದ್ದಾ, ನೀವು ಬರೆದಿದ್ದಾ?" ಎಂದು ಕೇಳಿದರು. ನಾನು ಸುಳ್ಳು ಹೇಳಲಿಲ್ಲ. "ಮಾನಸಿಕ ಅನ್ನೋದು?" ನಾನು ಬರೆದಿದ್ದು ಅಂದೆ. "ಎಮ್ಮೆಯ ವಿಷಯ ನೀವು ಈಗ ಹೇಳುತ್ತಿದ್ದೀರಿ, ಇದರಲ್ಲಿ ಎಲ್ಲಿದೆ?" ಇರಲಿಲ್ಲ. ವರದಕ್ಷಿಣೆ ಎಂಬ ಒಂದು ಪದದೊಳಗೆ ಎಮ್ಮೆ ಕಾಣೆಯಾಗಿತ್ತು. ಎಮ್ಮೆ ಮಾರಿ ದುಡ್ಡು ಕೊಡುತ್ತೇನೆಂದು ಅವಳಪ್ಪ ಒಪ್ಪಿದ್ದು, ಆ ವಾರದ ಸಂತೆಯಲ್ಲಿ ಎಮ್ಮೆ ಬಿಕರಿಯಾಗದ್ದು, ಅದೇ ವಾರ ಅವಳು ಸತ್ತದ್ದು, ಈ ಸರಪಳಿಯನ್ನು ನಾನೇ ಕಡಿದುಹಾಕಿದ್ದೆ. ಹೇಳಿಕೆ ಅವಳದಲ್ಲ, ಸಂಘದವರು ಹೇಳಿಕೊಟ್ಟು ಬರೆಸಿದ್ದು ಎಂದು ತೀರ್ಪಾಯಿತು. ಅವಳ ಗಂಡ ಬಿಡುಗಡೆಯಾದ. ಅವಳಪ್ಪ ನ್ಯಾಯಾಲಯದ ಮೆಟ್ಟಿಲ ಮೇಲೆ ಕೂತು ನನ್ನನ್ನು ಬೈಯಲೂ ಇಲ್ಲ. "ನೀವಾದ್ರೂ ಹತ್ರ ಇದ್ರಲ್ಲ ತಾಯೀ" ಅಂದರು.

ಹೀಗೆ ಹೇಳಲು ನನಗೆ ಎದೆ ಹಿಂಡುತ್ತದೆ. ನೀನು ಕಲಿಯಲೆಂದು ಹೇಳುತ್ತಿದ್ದೇನೆ. ಯಾರಾದರೂ ನಿನ್ನ ಮುಂದೆ ಬಾಯಿಬಿಟ್ಟರೆ ಅವರ ಪದವನ್ನೇ ಬರೆ. "ಹಿಡಕಂಡ" ಅಂದರೆ "ಹಿಡಕಂಡ" ಅಂತಲೇ ಬರೆ, ಹಿಡಿದುಕೊಂಡನು ಎಂದು ತಿದ್ದಬೇಡ. ನೀನು ಕೇಳಿದ ಪ್ರಶ್ನೆಯನ್ನೂ ಬರೆ, ಅವಳ ಉತ್ತರವನ್ನೂ ಬರೆ, ಉತ್ತರ ಬರದೆ ಸುಮ್ಮನಿದ್ದರೆ ಸುಮ್ಮನಿದ್ದಳೆಂದು ಬರೆ. ಹೊತ್ತು ಬರೆ. ಆ ಕೋಣೆಯಲ್ಲಿ ಯಾರ್ಯಾರು ಇದ್ದರು ಬರೆ. "ಅತ್ತೆ ಹೊಡೆಯುತ್ತಿದ್ದಳಾ?" ಎಂದು ಕೇಳಬೇಡ, "ಏನಾಯಿತಮ್ಮ?" ಎಂದು ಕೇಳು. ಮದುವೆಯಾಗಿ ಏಳು ವರ್ಷದೊಳಗಿನ ಸಾವಾದರೆ ಮ್ಯಾಜಿಸ್ಟ್ರೇಟರಿಂದಲೇ ಶವಪಂಚನಾಮೆ ಆಗಬೇಕೆಂದು ಪಟ್ಟು ಹಿಡಿ. 1983ರಲ್ಲಿ ಗಂಡನ ಮನೆಯವರ ಕ್ರೌರ್ಯದ ವಿರುದ್ಧದ 498ಎ ಬಂದದ್ದು, 1986ರಲ್ಲಿ ವರದಕ್ಷಿಣೆ ಸಾವಿನ 304ಬಿ ಬಂದದ್ದು ಇಂಥ ವಾರ್ಡುಗಳಿಂದಲೇ. 2024ರ ಜುಲೈಯಿಂದ ಹೊಸ ಸಂಹಿತೆಯಲ್ಲಿ ಅವು 85 ಮತ್ತು 80 ಆಗಿವೆ. ನಂಬರು ಬದಲಾದರೂ ಕೇಸು ನಿಲ್ಲುವುದು ಎಮ್ಮೆಯಂಥ ವಿವರದ ಮೇಲೆ.

ಇನ್ನೊಂದು ಸಂಗತಿ. 1988ರಲ್ಲೋ 89ರಲ್ಲೋ, ಒಬ್ಬಳು ಎರಡು ಮಕ್ಕಳನ್ನು ಕರೆದುಕೊಂಡು ನಮ್ಮ ಕೋಣೆಗೆ ಬಂದಳು. ತಲೆಗೆ ಹೊಲಿಗೆ ಹಾಕಿತ್ತು. ನಾವು ಆಗಲೇ ಕಾಗದ ತೆಗೆದು ದೂರು ಬರೆಯಲು ಕೂತೆವು. ಕೇಸು ಹಾಕಬೇಕು, ಅವನು ಒಳಗೆ ಹೋಗಬೇಕು, ಪತ್ರಿಕೆಯವರಿಗೆ ಹೇಳಬೇಕು. ಅವಳು ಕಾದು ಕಾದು, "ನನ್ನ ಮಿಷನ್ನು ಆ ಮನೇಲಿದೆ" ಅಂದಳು. ನಾವು ಹೂಂ ಅಂದು ಮುಂದುವರಿದೆವು. ಐದು ನಿಮಿಷಕ್ಕೆ ಮತ್ತೆ, "ಅಕ್ಕ, ಮಿಷನ್ನು" ಅಂದಳು. ಹೊಲಿಗೆ ಮಿಷನ್ನು. ಅವಳ ತಾಯಿ ಚೀಟಿ ಹಾಕಿ ಕೊಡಿಸಿದ್ದು. ಅದೊಂದು ಕೈಗೆ ಬಂದರೆ ಅವಳು ಬಾಡಿಗೆಗೆ ಒಂದು ಕೋಣೆ ಹಿಡಿದು ಲಂಗ, ರವಿಕೆ ಹೊಲಿದು ಮಕ್ಕಳನ್ನು ಸಾಕುತ್ತಾಳೆ. ನಾವು ಬರೆಯುತ್ತಿದ್ದ ದೂರಿನಲ್ಲಿ ಮಿಷನ್ನಿನ ಮಾತೇ ಇರಲಿಲ್ಲ.

ಅವತ್ತು ಒಂದು ಲಗೇಜ್ ಆಟೋ ಗೊತ್ತುಮಾಡಿ ಆರು ಜನ ಹೋದೆವು. ಠಾಣೆಯಿಂದ ಒಬ್ಬ ಮುದಿ ಹೆಡ್ ಕಾನ್‌ಸ್ಟೇಬಲ್ ಜೊತೆಗೆ ಬಂದರು, ಬಹಳ ಒಳ್ಳೆಯ ಮನುಷ್ಯ. ಮಿಷನ್ನು, ಎರಡು ಹಿತ್ತಾಳೆ ಹಂಡೆ, ಮಕ್ಕಳ ಸ್ಲೇಟು, ಅವಳ ಟ್ರಂಕು ಹೇರಿಕೊಂಡು ಬಂದೆವು. ಕೇಸು ಹಾಕುವುದೋ ಬೇಡವೋ ಎಂದು ಅವಳು ಎಂಟು ತಿಂಗಳು ಯೋಚಿಸಿ, ಕೊನೆಗೆ ಬೇಡವೆಂದಳು. ನಮ್ಮಲ್ಲಿ ಕೆಲವರಿಗೆ ಸಿಟ್ಟು ಬಂತು, ಚಳವಳಿಗೆ ಹಿನ್ನಡೆ ಎಂದರು. ನನಗೂ ಬಂತು. ಈಗ ಅನ್ನಿಸುತ್ತದೆ, ಆ ಸಿಟ್ಟಿನಲ್ಲಿ ಅವಳ ಗಂಡನ ದನಿಯೂ ಇತ್ತು. ಅವನೂ ಅವಳು ಹೇಗೆ ಬದುಕಬೇಕೆಂದು ತಾನೇ ತೀರ್ಮಾನಿಸುತ್ತಿದ್ದ.

ರಾಜಸ್ಥಾನದ ಭಂವರಿದೇವಿಯನ್ನು ನೀನು ಬಲ್ಲೆ. ಬಾಲ್ಯವಿವಾಹ ತಡೆಯಲು ಹೋದ ಕುಂಬಾರ ಜಾತಿಯ ಕಾರ್ಯಕರ್ತೆ, 1992ರಲ್ಲಿ ಮೇಲ್ಜಾತಿಯ ಗಂಡಸರ ಸಾಮೂಹಿಕ ಅತ್ಯಾಚಾರಕ್ಕೆ ಗುರಿಯಾದವಳು. 1995ರಲ್ಲಿ ಕೆಳಗಿನ ನ್ಯಾಯಾಲಯ ಆರೋಪಿಗಳನ್ನು ಬಿಟ್ಟಿತು. ಆ ಘಟನೆಯ ಹಿನ್ನೆಲೆಯಲ್ಲೇ ಹಾಕಿದ ಅರ್ಜಿಯ ಮೇಲೆ 1997ರಲ್ಲಿ ಕೆಲಸದ ಜಾಗದ ಲೈಂಗಿಕ ಕಿರುಕುಳದ ವಿರುದ್ಧ ವಿಶಾಖಾ ತೀರ್ಪು, ಅದರಿಂದ 2013ರ ಕಾಯ್ದೆ, ಅದರಿಂದ ನಿನ್ನ ಅಕ್ಕ ಕೆಲಸಮಾಡುವ ಸಾಫ್ಟ್‌ವೇರ್ ಕಂಪನಿಯಲ್ಲಿ ದೂರು ಸಮಿತಿ. ದೇಶದ ಲಕ್ಷಾಂತರ ಹೆಣ್ಣುಮಕ್ಕಳಿಗೆ ನೆರಳಾದ ಆ ಕಾನೂನು ಅವಳ ಅಂಗಳಕ್ಕೆ ಬರಲಿಲ್ಲ. ಇದನ್ನು ನೆನೆದಾಗಲೆಲ್ಲ ಮಥುರಾಳ ಹೆಸರು ಬರೆದ ರಟ್ಟು ನನ್ನ ಕಣ್ಣಮುಂದೆ ಬರುತ್ತದೆ.

ನಾವು ಯಾರ ಪರವಾಗಿ ಮಾತಾಡುತ್ತಿದ್ದೆವೋ ಅವರ ಮನೆಯ ಹೊಸ್ತಿಲು ನಮ್ಮಲ್ಲಿ ಬಹಳ ಜನಕ್ಕೆ ಗೊತ್ತಿರಲಿಲ್ಲ. ಹಳ್ಳಿಯ ಹೆಂಗಸರನ್ನು ಸಂಘಟಿಸುವ ಮಹಿಳಾ ಸಮಾಖ್ಯಾ ಕಾರ್ಯಕ್ರಮ ಕರ್ನಾಟಕದಲ್ಲಿ ಮೊದಲು ಬೀದರ್, ಬಿಜಾಪುರ, ಮೈಸೂರು ಜಿಲ್ಲೆಗಳಲ್ಲಿ ಶುರುವಾದ ಕೆಲವು ವರ್ಷಕ್ಕೆ ನಾನು ರಜೆ ಹಾಕಿ ಬೀದರ್ ಕಡೆಯ ಒಂದು ಹಳ್ಳಿಗೆ ಹೋದೆ. ಅದರ ಕಾರ್ಯಕರ್ತೆ, ಸಹಯೋಗಿನಿ ಒಬ್ಬಳು ಕರೆದುಕೊಂಡು ಹೋದಳು. ದಲಿತ ಕೇರಿಯ ಹೆಂಗಸರು ದಿನದ ಕೂಲಿ ಮುಗಿಸಿ, ರೊಟ್ಟಿ ಬಡಿದಿಟ್ಟು, ರಾತ್ರಿ ಒಂಬತ್ತರ ಮೇಲೆ ಬಂದು ಕಂದೀಲಿನ ಸುತ್ತ ಕೂತರು. ನಾನು ನಮ್ಮ ಕಡೆ ಹೆಂಗಸರನ್ನು ಹೊಸ್ತಿಲು ದಾಟಗೊಡುವುದಿಲ್ಲ, ಅಡುಗೆಮನೆಯಲ್ಲೇ ಜೀವ ಸವೆಯುತ್ತದೆ ಎಂದೆಲ್ಲ ಹೇಳಿದೆ. ಒಬ್ಬ ಹಿರಿಯಾಕೆ ಬಾಯಲ್ಲಿದ್ದ ಎಲೆಯಡಿಕೆ ಪಕ್ಕಕ್ಕೆ ಸರಿಸಿ, "ಯಕ್ಕಾ, ನಿಮಗ ಹೊರಗ ಬಿಡಂಗಿಲ್ಲ ಅಂತೀರಿ. ನಮಗ ಒಳಗ ಬಿಡೋರು ಯಾರ?" ಅಂದಳು.

ನನ್ನ ಬಳಿ ಉತ್ತರ ಇರಲಿಲ್ಲ. ಅವರಿಗೆ ಬೇಕಾಗಿದ್ದುದು ಕೇರಿಯ ಬೋರಿಂಗು ರಿಪೇರಿ. ಗಂಡಾಳಿಗೂ ಹೆಣ್ಣಾಳಿಗೂ ಒಂದೇ ಕೂಲಿ. ಊರ ಗೌಡರ ಹೊಲದಲ್ಲಿ ಕತ್ತಲಾದಮೇಲೆ ದುಡಿಸಿಕೊಳ್ಳಬಾರದು, ಯಾಕೆ ಎಂಬುದನ್ನು ಯಾರೂ ಬಾಯಿಬಿಟ್ಟು ಹೇಳಲಿಲ್ಲ, ಎಲ್ಲರಿಗೂ ಗೊತ್ತಿತ್ತು. ಅವರು ಬ್ಲಾಕ್ ಆಫೀಸಿನ ಮುಂದೆ ಎರಡು ದಿನ ಕೂತು ಬೋರಿಂಗು ಸರಿಮಾಡಿಸಿಕೊಂಡರು. ಕೆಲಸ ಮುಗಿಯುವವರೆಗೆ ಅಲ್ಲಿದ್ದ ಸಹಯೋಗಿನಿ ಒಂದು ಮಾತೂ ಆಡಲಿಲ್ಲ. ನಿಮ್ಮ ಗುಂಪಿನಲ್ಲಿ ಎಲ್ಲರೂ ಚೆನ್ನಾಗಿ ಮಾತಾಡುತ್ತೀರಿ, ನನಗೆ ಸಂತೋಷ. ಮಾತಾಡದೆ ಪಕ್ಕದಲ್ಲಿರುವ ಆ ವಿದ್ಯೆಯನ್ನೂ ನಿಮ್ಮಲ್ಲಿ ಯಾರಾದರೂ ಕಲಿಯಿರಿ.

ಓದಿದವರ ಕುರುಡಿನ ಬಗ್ಗೆ ನನಗಿಂತ ದೊಡ್ಡವರು ಬರೆದಿದ್ದಾರೆ. 1974ರಲ್ಲಿ ಹೆಣ್ಣುಮಕ್ಕಳ ಸ್ಥಿತಿಗತಿಯ ಬಗ್ಗೆ ಸರ್ಕಾರಕ್ಕೆ 'ಟುವರ್ಡ್ಸ್ ಈಕ್ವಾಲಿಟಿ' ವರದಿ ಕೊಟ್ಟ ಸಮಿತಿಯಲ್ಲಿ ವೀಣಾ ಮಜುಂದಾರ್ ಸದಸ್ಯ ಕಾರ್ಯದರ್ಶಿ. ಸಾವಿರ ಗಂಡಸರಿಗೆ 1901ರಲ್ಲಿ 972 ಇದ್ದ ಹೆಂಗಸರು 1971ಕ್ಕೆ 930ಕ್ಕೆ ಇಳಿದಿದ್ದಾರೆ ಎಂದು ಆ ವರದಿ ತೋರಿಸಿತು. ಸ್ವಾತಂತ್ರ್ಯ ಬಂದಮೇಲೆ ಎಲ್ಲ ಸರಿಹೋಗುತ್ತಿದೆ ಎಂದು ನಂಬಿ ಬೆಳೆದ ಪೀಳಿಗೆ ಅವರದು. ಅವರ ಆತ್ಮಕಥನವನ್ನು ಓದು. ಬಂಕುರಾ ಜಿಲ್ಲೆಯ ಭೂಮಿಯಿಲ್ಲದ ಕೂಲಿ ಹೆಂಗಸರಿಂದ ತಾವು ಕಲಿತೆವೆಂಬುದನ್ನು ಆ ಹಿರಿಯ ವಿದ್ವಾಂಸೆ ಎಷ್ಟು ಮನಸಾರೆ ಒಪ್ಪುತ್ತಾರೆ ನೋಡು.

ಆಸ್ತಿಯ ಮಾತು ಬಂದಾಗ ಮೊನ್ನೆ ನೀನು ನನ್ನನ್ನು ಬಹಳ ಹೊಗಳಿದೆ. ಹೆಣ್ಣುಮಕ್ಕಳಿಗೂ ಪಿತ್ರಾರ್ಜಿತದಲ್ಲಿ ಹುಟ್ಟಿನಿಂದಲೇ ಪಾಲು ಎಂಬ ಕರ್ನಾಟಕದ ತಿದ್ದುಪಡಿ 1994ರಲ್ಲಿ ಜಾರಿಗೆ ಬಂತು, ಇಡೀ ದೇಶಕ್ಕೆ ಬಂದದ್ದು 2005ರಲ್ಲಿ. ಅದರ ಪರವಾಗಿ ನಾನು ತಾಲ್ಲೂಕು ತಾಲ್ಲೂಕಿಗೆ ಹೋಗಿ ಮಾತಾಡಿದ್ದೇನೆ, ನಿಜ. ಆದರೆ 1991ರಲ್ಲಿ ನಮ್ಮಪ್ಪ ತೀರಿಕೊಂಡ ಮೇಲೆ, ತಿಥಿ ಮುಗಿದ ವಾರಕ್ಕೆ, ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ಕೂತು ನಾನು ಹಕ್ಕು ಬಿಡುಗಡೆ ಪತ್ರಕ್ಕೆ ಸಹಿ ಹಾಕಿದೆ. 1956ರ ಕಾಯ್ದೆಯ ಪ್ರಕಾರ ಅಪ್ಪನ ಪಾಲಿನಲ್ಲಿ ನನಗೆ ಬರಬೇಕಾಗಿದ್ದುದನ್ನು ನನ್ನ ಕೈಯಾರೆ ಬಿಟ್ಟೆ. ಅಣ್ಣ ಜುಲುಮೆ ಮಾಡಲಿಲ್ಲ. ಅಮ್ಮ ಅಷ್ಟು ಹೊತ್ತೂ ನನ್ನ ಮುಖವನ್ನೇ ನೋಡುತ್ತ ಕೂತಿದ್ದಳು. ತವರಿನ ಬಾಗಿಲು ಮುಚ್ಚಿಬಿಟ್ಟರೆ? ಗೌರಿಹಬ್ಬಕ್ಕೆ ಬಾಗಿನ ಕೊಡಲು ಯಾರೂ ಬರದಿದ್ದರೆ? ಮರದ ಬಾಗಿನದ ತೂಕ ಎಷ್ಟೆಂದು ಕಾನೂನು ಬರೆಯುವವರಿಗೆ ಗೊತ್ತಿಲ್ಲ. ನನಗೆ ಗೊತ್ತು.

ಆದ್ದರಿಂದ ಯಾವಳಾದರೂ ನಿನ್ನ ಮುಂದೆ "ಬೇಡ ಬಿಡಿ, ಅಣ್ಣನಿಗೇ ಇರಲಿ" ಅಂದರೆ ಅವಳಿಗೆ ತಿಳುವಳಿಕೆಯಿಲ್ಲ ಎಂದುಕೊಳ್ಳಬೇಡ. ಅವಳ ಲೆಕ್ಕ ಅವಳಿಗಿದೆ. ಸಹಿ ಹಾಕುವ ಮುಂಚೆ ಒಂದು ತಿಂಗಳು ತಡೆಯಲು ಹೇಳು. ಪಹಣಿಯ ಪ್ರತಿ ತೆಗೆಸಿ ಅವಳ ಕೈಯಲ್ಲಿ ಕೊಡು. ಎಷ್ಟು ಎಕರೆ, ಎಷ್ಟು ಗುಂಟೆ, ಇವತ್ತಿನ ಬೆಲೆ ಏನು ಎಂದು ಅವಳಿಗೆ ತಿಳಿದಿರಲಿ. ಆಮೇಲೂ ಅವಳು ಬಿಟ್ಟುಕೊಟ್ಟರೆ ಅವಳಿಷ್ಟ. ನನಗೆ ಅವತ್ತು ಆ ಪಹಣಿಯನ್ನು ಯಾರೂ ತೋರಿಸಲಿಲ್ಲ, ನಾನೂ ಕೇಳಲಿಲ್ಲ.

ಈಗ ನೀನು ಮಾಡಲು ಹೊರಟಿರುವ ಕೆಲಸದ ಬಗ್ಗೆ. ಹಳಬರ ನೆನಪುಗಳನ್ನು ದಾಖಲಿಸುವುದು ಬಹಳ ಒಳ್ಳೆಯ ಕೆಲಸ, ಬೇಗ ಮಾಡು. ನಮ್ಮ ಸಂಘದ ಹನ್ನೆರಡು ಜನರಲ್ಲಿ ಈಗ ಉಳಿದಿರುವವರು ಐವರು. ಒಬ್ಬರಿಗೆ ನನ್ನ ಗುರುತೂ ಹತ್ತುವುದಿಲ್ಲ. ಮೈಸೂರಿನಲ್ಲಿ ಪಾಠ ಹೇಳುತ್ತ, ಕವಿತೆ ಬರೆಯುತ್ತ, ಹೆಣ್ಣಿನ ಕಣ್ಣಿಂದ ಸಾಹಿತ್ಯ ನೋಡುವುದನ್ನು ಕನ್ನಡಕ್ಕೆ ಕಲಿಸಿದ ವಿಜಯಾ ದಬ್ಬೆ 1999ರ ಅಪಘಾತದ ನಂತರ ಸುಮಾರು ಎರಡು ದಶಕ ಮಾತು ಬರಹದಿಂದ ದೂರವಾಗಿ ಉಳಿದು 2018ರಲ್ಲಿ ಹೋದರು. ಅವರನ್ನು ಇನ್ನೂ ಎಷ್ಟೋ ಕೇಳುವುದಿತ್ತು ಎಂದು ನನ್ನ ತಲೆಮಾರಿನ ಹೆಂಗಸರು ಈಗಲೂ ಹೇಳಿಕೊಳ್ಳುತ್ತೇವೆ.

ಹೇಗೆ ದಾಖಲಿಸಬೇಕೆಂದು ತಿಳಿಯಬೇಕಾದರೆ ಹೈದರಾಬಾದಿನ ಸ್ತ್ರೀ ಶಕ್ತಿ ಸಂಘಟನ 1986ರಲ್ಲಿ ತೆಲುಗಿನಲ್ಲಿ ತಂದ 'ಮನಕು ತೆಲಿಯನಿ ಮನ ಚರಿತ್ರ' ಪುಸ್ತಕವನ್ನು ಓದು. ನಮಗೆ ತಿಳಿಯದ ನಮ್ಮ ಚರಿತ್ರೆ ಎಂದು ಅರ್ಥ. ತೆಲಂಗಾಣದ ರೈತ ಹೋರಾಟದಲ್ಲಿದ್ದ ಹೆಂಗಸರನ್ನು ಸುಮಾರು ಮೂವತ್ತು ವರ್ಷದ ಮೇಲೆ ಹುಡುಕಿಕೊಂಡು ಹೋಗಿ ಮಾತಾಡಿಸಿದ್ದಾರೆ. ಕಾಡಿನಲ್ಲಿ ಹಸುಗೂಸನ್ನು ಬಿಟ್ಟುಕೊಡಬೇಕಾದ ತಾಯಿ ಅದರಲ್ಲಿದ್ದಾಳೆ. 1951ರಲ್ಲಿ ಹೋರಾಟ ನಿಂತಮೇಲೆ ಬಂದೂಕು ಹಿಡಿದ ಹೆಂಗಸರು ಮತ್ತೆ ಒಲೆಯ ಮುಂದಕ್ಕೇ ಬಂದ ಕಹಿ ಇದೆ. ಕೇಳಿದವರು ಆ ಕಹಿಗೆ ಸಕ್ಕರೆ ಬೆರೆಸಿಲ್ಲ. ವೀರಗಾಥೆ ಬೇಕೆಂದು ಹೋಗಿದ್ದರೆ ಇದು ಸಿಗುತ್ತಿರಲಿಲ್ಲ.

ನನ್ನ ತಲೆಮಾರಿನವರ ಹತ್ತಿರ ಹೋದಾಗ ಮೆರವಣಿಗೆಯಲ್ಲಿ ಎಷ್ಟು ಜನರಿದ್ದರು ಎಂದು ಕೇಳಬೇಡ, ಎಲ್ಲರೂ ಹೆಚ್ಚು ಹೇಳುತ್ತೇವೆ. ಅವತ್ತು ಮಗುವನ್ನು ಯಾರ ಹತ್ತಿರ ಬಿಟ್ಟು ಬಂದಿರಿ ಎಂದು ಕೇಳು. ಬಸ್ ಚಾರ್ಜಿಗೆ ದುಡ್ಡು ಎಲ್ಲಿಂದ ಬಂತು, ಮನೆಗೆ ಹೋದಮೇಲೆ ಗಂಡ ಏನಂದ, ಸಂಘ ಒಡೆದದ್ದು ಯಾಕೆ, ಮಾತು ಬಿಟ್ಟವರು ಯಾರು ಯಾರು ಎಂದು ಕೇಳು. ನನ್ನ ಮಗ ಎರಡನೇ ಕ್ಲಾಸಿನಲ್ಲಿದ್ದಾಗ ಟೈಫಾಯಿಡ್ ಬಂದು ಮಲಗಿದ್ದ ಮೂರು ರಾತ್ರಿ ನಾನು ಬೇರೆಯವರ ಮಗಳಿಗಾಗಿ ಠಾಣೆಯಲ್ಲಿದ್ದೆ. ಅವನನ್ನು ನೋಡಿಕೊಂಡದ್ದು ನಮ್ಮತ್ತೆ. ಗಾದೆ ಹೇಳುತ್ತಿದ್ದ ಅದೇ ಅತ್ತೆ. ಯಾವ ಸನ್ಮಾನದ ಸಭೆಯಲ್ಲೂ ನಾನು ಅವರ ಹೆಸರು ಎತ್ತಿಲ್ಲ. ಅವರು ಇಲ್ಲದಿದ್ದರೆ ನನ್ನ ಹೋರಾಟವೂ ಇರುತ್ತಿರಲಿಲ್ಲ, ಇದನ್ನು ನೀನು ಬರೆಯಲೇಬೇಕು.

ಫೋನಿನ ವಿಚಾರದಲ್ಲಿ ಒಂದು ಭಯ ನನಗಿದೆ. ನಿಮ್ಮ ಕಾಲದ ವೇಗ ನನಗೆ ಬೆರಗು. 2012ರ ಡಿಸೆಂಬರಿನಲ್ಲಿ ಅತ್ಯಾಚಾರಕ್ಕೆ ಗುರಿಯಾದ ದೆಹಲಿಯ ಆ ಹುಡುಗಿಗಾಗಿ ನಿಮ್ಮಂಥ ಮಕ್ಕಳು ಬೀದಿ ತುಂಬಿದಿರಿ. ನ್ಯಾಯಮೂರ್ತಿ ವರ್ಮಾ ಸಮಿತಿ 29 ದಿನದಲ್ಲಿ ವರದಿ ಮುಗಿಸಿತು, ಕೆಲವೇ ತಿಂಗಳಲ್ಲಿ ಕಾನೂನು ತಿದ್ದುಪಡಿಯೂ ಆಯಿತು. ನಾವು ವರ್ಷಗಟ್ಟಲೆ ಕಾದವರು. ಆದರೆ ಒಬ್ಬಳ ನೋವನ್ನು ಬೆಳಗಾಗುವುದರೊಳಗೆ ಲಕ್ಷ ಜನಕ್ಕೆ ಮುಟ್ಟಿಸಬಲ್ಲ ಕೈಯೇ, ಅವಳ ಬೀದಿ, ಅವಳ ಮಗಳ ಸ್ಕೂಲಿನ ಯೂನಿಫಾರ್ಮು, ಹಿಂದೆ ಕಾಣುವ ಅಂಗಡಿಯ ಬೋರ್ಡು ಇವನ್ನೂ ಮುಟ್ಟಿಸಿಬಿಡುತ್ತದೆ. ಹೆಸರು ಅಳಿಸಿದರೆ ಸಾಲದು. ಊರಲ್ಲಿ ಒಬ್ಬರೇ ಇಂಥ ಟೀಚರ್ ಇದ್ದರೆ ಹೆಸರು ಬೇಕಿಲ್ಲ, ಟೀಚರ್ ಅಂದರೆ ಸಾಕು. ಅವಳು ಇವತ್ತು ಸಿಟ್ಟಿನಲ್ಲಿ ಹೂಂ ಅಂದಿರುತ್ತಾಳೆ. ಒಂದು ರಾತ್ರಿ ಕಳೆಯಲಿ, ಮತ್ತೆ ಕೇಳು. ಅಚ್ಚಾಗುವ ಮುಂಚೆ ಓದಿ ಹೇಳು. ಇನ್ನೊಮ್ಮೆ ಕೇಳು.

ಮುಂದಿನ ಶನಿವಾರ ಬಾ. ಅಟ್ಟದ ಮೇಲಿನ ಟ್ರಂಕನ್ನು ನಮ್ಮ ಹುಡುಗ ಇಳಿಸಿಕೊಡುತ್ತಾನೆ. ಅದರಲ್ಲಿ ಸಂಘದ ನಡಾವಳಿ ಪುಸ್ತಕಗಳು ಹದಿನಾಲ್ಕು ಇವೆ, ಎರಡಕ್ಕೆ ಗೆದ್ದಲು ಹತ್ತಿದೆ. ಅವನ್ನು ನೀನು ತೆಗೆದುಕೊಂಡು ಹೋಗಬಹುದು. ವಾರ್ಡಿನಲ್ಲಿ ಬರೆದ ನೋಟ್‌ಬುಕ್ಕುಗಳನ್ನು ಮಾತ್ರ ಈಗಲೇ ಕೊಡುವುದಿಲ್ಲ. ಅವುಗಳಲ್ಲಿರುವ ಹೆಂಗಸರಲ್ಲಿ ಕೆಲವರ ಮಕ್ಕಳು ಬದುಕಿದ್ದಾರೆ. ಮೊದಲು ಅವರನ್ನು ಕೇಳಬೇಕು.

ಮಿಷನ್ನಿನವಳು ಈಗಲೂ ಇದ್ದಾಳೆ. ಕಣ್ಣು ಮಂಜಾಗಿ ಹೊಲಿಯುವುದನ್ನು ಬಿಟ್ಟಿದ್ದಾಳೆ, ಮಗಳು ಅದೇ ಅಂಗಡಿ ನಡೆಸುತ್ತಾಳೆ. ಅವಳ ಬಗ್ಗೆ ಇಲ್ಲಿ ಇಷ್ಟು ಬರೆಯಬಹುದೇ ಎಂದು ಮೊನ್ನೆ ಫೋನ್ ಮಾಡಿ ಕೇಳಿದೆ. "ಬರೀರಿ ಅಕ್ಕ, ಹಂಡೆ ಎರಡಲ್ಲ ಒಂದೇ, ಇನ್ನೊಂದನ್ನ ಅವರು ಕೊಡಲೇ ಇಲ್ಲ" ಅಂದಳು. ನನ್ನ ನೆನಪಿನಲ್ಲಿ ಎರಡಿದ್ದವು. ಮೇಲೆ ಬರೆದದ್ದನ್ನು ತಿದ್ದದೆ ಹಾಗೇ ಬಿಟ್ಟಿದ್ದೇನೆ, ನೀನು ಬರೆಯುವಾಗ ಒಂದು ಎಂದು ಬರೆ. ನಿನ್ನನ್ನು ಕಳಿಸಲೇ ಎಂದೂ ಕೇಳಿದೆ. ಯೋಚನೆ ಮಾಡಿ ಹೇಳುತ್ತೇನೆ ಅಂದಿದ್ದಾಳೆ.